ಹಣ್ಣೋ, ಹಸುವೋ?

ಹೋದ ತಿಂಗಳು ಒಂದು ಸ್ಟ್ರಾಬೆರಿ ಹಸು ಮಾಡಿದೆ. ಅಂದರೆ ಕೆಂಪು ಉಲ್ಲನ್ನಿನಲ್ಲಿ ಹೆಣೆದ, ಅಂಗೈಯಲ್ಲಿ ಕೂರುವ ಸ್ಟ್ರಾಬೆರಿ. ಅದಕ್ಕೆ ಎರಡು ಕಿವಿ, ಎರಡು ಪುಟ್ಟ ಕೊಂಬು, ಗುಲಾಬಿ ಮೂತಿ, ನೆತ್ತಿ ಮೇಲೆ ಹಸಿರು ತೊಟ್ಟು. ವಿಡಿಯೋ ಕಾಲ್‌ನಲ್ಲಿ ನೋಡಿದ ದೊಡ್ಡಮ್ಮ "ಏನೇ ಇದು, ಹಣ್ಣೋ ಹಸುವೋ?" ಅಂದರು. ಆಫೀಸಿನ ಪಕ್ಕದ ಸೀಟಿನವಳಿಗೆ ಮಾತ್ರ ಭಾರಿ ಇಷ್ಟವಾಯ್ತು. "ನನ್ನ ಮಗಳಿಗೂ ಒಂದು ಮಾಡ್ಕೊಡೇ, ನೂರೈವತ್ತು ಕೊಡ್ತೀನಿ. ಹೇಗಿದ್ರೂ ನಿಂಗೆ ಟೈಮ್‌ಪಾಸ್ ಅಲ್ವಾ?"

ಆ ಟೈಮ್‌ಪಾಸ್‌ಗೆ ಹಿಡಿದದ್ದು ಆರೂವರೆ ಗಂಟೆ. ಅವಳ ಮೇಲೆ ಸಿಟ್ಟೇನೂ ಬರಲಿಲ್ಲ. ಆದರೆ ಆ ಮಾತು ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ, ತುಂಬಾ ದೂರ ಹೋಗಬೇಕಾಯ್ತು.

ಹಣ್ಣಿಗೆ ಪ್ರಾಣಿಯ ಮುಖ ಅಂಟಿಸೋದು ನಮ್ಮ ಇನ್‌ಸ್ಟಾಗ್ರಾಂ ಕಾಲದ ಹುಚ್ಚು ಅಂದ್ಕೊಂಡಿದ್ದೆ. ಅಲ್ಲ. 14ನೇ ಶತಮಾನದಲ್ಲಿ ಜಾನ್ ಮ್ಯಾಂಡೆವಿಲ್ ಹೆಸರಿನಲ್ಲಿ ಬಂದ ಪ್ರವಾಸಕಥನದಲ್ಲಿ ಒಂದು ವಿಚಿತ್ರ ಮರ ಇದೆ. ಪೂರ್ವದ ಯಾವುದೋ ನಾಡಿನಲ್ಲಿ ಸೋರೆಕಾಯಿಯಂಥ ಹಣ್ಣು ಬಿಡುತ್ತಂತೆ, ಕೊಯ್ದು ನೋಡಿದರೆ ಒಳಗೆ ರಕ್ತಮಾಂಸದ ಪುಟ್ಟ ಕುರಿಮರಿ! ಇನ್ನೊಂದು ಕತೆಯಲ್ಲಿ ಕುರಿಮರಿ ಹೊಕ್ಕುಳಿನಿಂದ ಗಿಡಕ್ಕೆ ಅಂಟಿಕೊಂಡೇ ಇರುತ್ತೆ, ಸುತ್ತಲಿನ ಹುಲ್ಲು ಮುಗಿದರೆ ಸಾಯುತ್ತೆ. ಯುರೋಪಿನವರು ಇದನ್ನು ಶತಮಾನಗಟ್ಟಲೆ ನಂಬಿದರು. 1698ರಲ್ಲಿ ಹಾನ್ಸ್ ಸ್ಲೋನ್ ಲಂಡನ್ನಿನ ರಾಯಲ್ ಸೊಸೈಟಿಗೆ ಅಂಥದೊಂದು 'ಕುರಿಮರಿ'ಯನ್ನು ತೋರಿಸಿ, ಇದು ಜರೀಗಿಡದ ರೋಮ ತುಂಬಿದ ಕಾಂಡ ಅಷ್ಟೇ ಅಂದರು. 1887ರಲ್ಲಿ ಹೆನ್ರಿ ಲೀ ಒಂದು ಪುಸ್ತಕವನ್ನೇ ಬರೆದು, ಈ ಕತೆಯ ಬೇರು ಹತ್ತಿ ಗಿಡದಲ್ಲಿದೆ ಅಂತ ವಾದಿಸಿದರು.

ಯೋಚಿಸಿದರೆ ಆ ವಾದ ಸರಿ ಅನ್ಸುತ್ತೆ. ಕ್ರಿಸ್ತಪೂರ್ವ 5ನೇ ಶತಮಾನದಲ್ಲೇ ಹೆರೊಡೋಟಸ್, ಭಾರತದಲ್ಲಿ ಮರಗಳು ಕುರಿಯ ಉಣ್ಣೆಗಿಂತ ಚೆಂದದ ಉಣ್ಣೆ ಬಿಡುತ್ತವೆ, ಅಲ್ಲಿಯ ಜನ ಅದರಿಂದಲೇ ಬಟ್ಟೆ ಮಾಡಿಕೊಳ್ತಾರೆ ಅಂತ ಬರೆದಿದ್ದ. ಜರ್ಮನ್ನರು ಇವತ್ತಿಗೂ ಹತ್ತಿಗೆ 'ಮರದ ಉಣ್ಣೆ' ಅಂತಲೇ ಅಂತಾರೆ. ಬಟ್ಟೆ ಅವರ ಕೈಗೆ ಬಂದಿತ್ತು. ಬೆಳೆದ ಗಿಡ, ನೂತ ಕೈ ಎರಡೂ ಕಣ್ಣಿಗೆ ಬಿದ್ದಿರಲಿಲ್ಲ. ಆ ಖಾಲಿ ಜಾಗದಲ್ಲಿ ಕುರಿಮರಿ ಬಂದು ಕೂತಿತು.

ಇನ್ನು ಕ್ರೋಶೆ. ಫ್ರೆಂಚಿನಲ್ಲಿ ಈ ಮಾತಿಗೆ ಚಿಕ್ಕ ಕೊಕ್ಕೆ ಅಂತ ಅರ್ಥ. ನಾವಿವತ್ತು ಹೆಣೆಯುವ ರೂಪದಲ್ಲಿ ಅದು ಗಟ್ಟಿಯಾಗಿ ಕಾಣಿಸಿಕೊಳ್ಳೋದು 19ನೇ ಶತಮಾನದ ಯುರೋಪಿನಲ್ಲಿ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಬರಗಾಲ ಬಿತ್ತು. ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು. ಆಗ ಕಾನ್ವೆಂಟುಗಳ ಸಿಸ್ಟರ್‌ಗಳು ಹೆಣ್ಣುಮಕ್ಕಳಿಗೆ ಕ್ರೋಶೆ ಲೇಸ್ ಕಲಿಸಿದರು. ಸೂಜಿಯಲ್ಲಿ ಮಾಡುವ ವೆನಿಸ್ ಲೇಸಿಗಿಂತ ಇದು ಬೇಗ ಮುಗಿಯುತ್ತಿತ್ತು, ಬಂಡವಾಳ ಅಂದರೆ ಒಂದು ಕೊಕ್ಕೆ, ಒಂದಿಷ್ಟು ದಾರ. ಹಸಿದ ಮನೆಗಳಿಗೆ ಆ ಕೊಕ್ಕೆ ಅನ್ನ ಹಾಕಿತು. ಲೇಸು ಮಾತ್ರ ಹೋಗಿ ಕೂತದ್ದು ಉಳ್ಳವರ ಕಾಲರಿನ ಮೇಲೆ.

ಇದೇ ಕಸುಬು ಅದೇ ಸುಮಾರಿಗೆ ಮಿಷನರಿಗಳ ಜೊತೆ ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೂ ಬಂತು. ಅಲ್ಲಿಯ ಹೆಂಗಸರು ಇವತ್ತಿಗೂ ಕ್ರೋಶೆ ಲೇಸ್ ಹೆಣೀತಾರೆ, ಅದು ಹೊರದೇಶಗಳಿಗೆ ಹೋಗುತ್ತೆ, 2024ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಒಂದು ಪುಸ್ತಕ ತಂದರು. ಅದು ತೋರಿಸಿದ್ದು ಇಷ್ಟು: ಜಗತ್ತಿನ ಮಾರುಕಟ್ಟೆಗೆ ದಿನಗಟ್ಟಲೆ ಕೂತು ಹೆಣೆಯುವ ಈ ಹೆಂಗಸರನ್ನು ಯಾರೂ ಕಾರ್ಮಿಕರು ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವರು ಗೃಹಿಣಿಯರು, ಬಿಡುವಿನಲ್ಲಿ ಏನೋ ಮಾಡ್ಕೋತಾರೆ. ಹಾಗಾಗಿ ಕೂಲಿ ಎಷ್ಟು ಕಡಿಮೆ ಕೊಟ್ಟರೂ ನಡೆಯುತ್ತಿತ್ತು. ವ್ಯಾಪಾರಿಗಳು, ರಫ್ತುದಾರರು ಮಾತ್ರ 'ವ್ಯವಹಾರ' ಮಾಡೋರು.

ಅಲ್ಲಿಗೆ ನನ್ನ ಟೈಮ್‌ಪಾಸ್‌ನ ಮೂಲ ಸಿಕ್ಕಿತು. 'ಬಿಡುವು' ಅನ್ನೋದು ನಮ್ಮ ಕಾಲದ ಗಿಡದ ಕುರಿಮರಿ. ವಸ್ತು ಕೈಗೆ ಬಂದಿದೆ, ಮಾಡಿದ ಕೈ ಕಂಡಿಲ್ಲ, ಅದಕ್ಕೊಂದು ಕತೆ.

ಕ್ರೋಶೆಯಲ್ಲಿ ಈ ಕತೆ ಇನ್ನೂ ವಿಚಿತ್ರ, ಯಾಕಂದ್ರೆ ಇದರಲ್ಲಿ ಯಂತ್ರದ ಪಾಲು ಇಲ್ಲವೇ ಇಲ್ಲ. ಸ್ವೆಟರ್ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಸೂಜಿ ಮೇಲೆ ಸಾಲಾಗಿ ನಿಂತಿರುತ್ತವೆ, ಯಂತ್ರಕ್ಕೆ ಅದು ಸಲೀಸು. ಕ್ರೋಶೆಯಲ್ಲಿ ಕೊಕ್ಕೆ ಮೇಲೆ ಉಳಿಯೋದು ಒಂದೇ ಕುಣಿಕೆ. ಪ್ರತಿ ಸಲ ಆಗಲೇ ಹೆಣೆದ ಬಟ್ಟೆಯಲ್ಲಿ ಸರಿಯಾದ ಜಾಗ ಹುಡುಕಿ ಕೊಕ್ಕೆ ತೂರಿಸಬೇಕು. ಲ್ಯಾಬ್‌ಗಳಲ್ಲಿ ಪ್ರಯತ್ನ ನಡೆದಿದೆ, ಕಾರ್ಖಾನೆಗಳಿಗೆ ಬಂದಿಲ್ಲ. ಅಂಗಡಿಯಲ್ಲಿ ಎಷ್ಟೇ ಅಗ್ಗಕ್ಕೆ ಕ್ರೋಶೆ ಗೊಂಬೆ ಸಿಕ್ಕರೂ ಅದರ ಹಿಂದೆ ಒಬ್ಬರ ಬೆರಳುಗಳಿವೆ.

ನನ್ನ ಹಸುವಿನ ಕುಲ ಜಪಾನಿನದು, ಹೆಸರು ಅಮಿಗುರುಮಿ. 'ಅಮಿ' ಅಂದರೆ ಹೆಣಿಗೆ, 'ನುಯಿಗುರುಮಿ' ಅಂದರೆ ಒಳಗೆ ತುಂಬಿ ಮಾಡಿದ ಗೊಂಬೆ, ಎರಡೂ ಸೇರಿ ಅಮಿಗುರುಮಿ. 1974ರಲ್ಲಿ ಹುಟ್ಟಿದ ಹಲೋ ಕಿಟ್ಟಿಯಂಥ ಮುದ್ದು ಮುಖಗಳ ಲೋಕದಲ್ಲೇ ಇದೂ ಬೆಳೆದು, 2000ದ ನಂತರ ಇಂಟರ್ನೆಟ್ ಹಿಡಿದು ಊರೂರು ಸುತ್ತಿತು. ಲೆಕ್ಕ ಸುಲಭ: ಮೊದಲ ಸುತ್ತಿಗೆ 6 ಕುಣಿಕೆ, ಆಮೇಲೆ 12, 18, 24. ಹಣ್ಣು ದಪ್ಪಗಾಗುತ್ತೆ. ನಡುವೆ ಫೈಬರ್ ತುಂಬಿ, ಅದೇ ಲೆಕ್ಕದಲ್ಲಿ ಇಳಿಸುತ್ತಾ ಬಂದು ಬಾಯಿ ಮುಚ್ಚಬೇಕು. ಒಂದು ಕುಣಿಕೆ ತಪ್ಪಿದರೂ ಹಸು ಒಂದು ಕಡೆ ವಾಲುತ್ತೆ. ನಂದು ಎರಡು ಸಲ ವಾಲಿ, ಎರಡು ಸಲ ಬಿಚ್ಚಿದ್ದೀನಿ.

ದೊಡ್ಡಮ್ಮ ಮೊದಲು ಕ್ರೋಶಾ ತೋರಣ, ಟಿವಿ ಮೇಲಿನ ಹೊದಿಕೆ ಎಲ್ಲ ಮಾಡಿ ಪೇಟೆಯ ಒಂದು ಅಂಗಡಿಗೆ ಕೊಡ್ತಿದ್ದರು. ನನಗೆ ಕೊಕ್ಕೆ ಹಿಡಿಯೋದು ಕಲಿಸಿದವರೂ ಅವರೇ. ಮೊನ್ನೆ ಕೇಳಿದೆ, "ಒಂದು ತೋರಣಕ್ಕೆ ಎಷ್ಟು ದಿನ ಹಿಡೀತಿತ್ತು ದೊಡ್ಡಮ್ಮ?"

"ಯಾರು ಲೆಕ್ಕ ಇಟ್ಟಿದ್ರು ಬಿಡೇ. ಕೆಲಸ ಎಲ್ಲಾ ಮುಗಿದ ಮೇಲೆ ಕೂರ್ತಿದ್ದೆ." ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು, "ನಿಮ್ಮ ದೊಡ್ಡಪ್ಪನ ಒಂದು ವರ್ಷದ ಔಷಧಿ ಖರ್ಚು ಅದರಲ್ಲೇ ತೂಗಿಸಿದ್ದೆ. ಅವರಿಗೂ ಗೊತ್ತಿರಲಿಲ್ಲ."

ಮಾರನೇ ದಿನ ಪಕ್ಕದ ಸೀಟಿನವಳಿಗೆ ಒಂದು ಚೀಟಿ ಕೊಟ್ಟೆ. ಉಲ್ಲನ್, ಫೈಬರ್, ಕಣ್ಣು, ಆರೂವರೆ ಗಂಟೆ: ಒಟ್ಟು 800. ಅವಳು ಚೀಟಿಯನ್ನೇ ನೋಡ್ತಾ, "ಆರೂವರೆ ಗಂಟೆನಾ?" ಅಂದಳು. ದುಡ್ಡಿನ ಮಾತು ಎತ್ತಲಿಲ್ಲ. ಗೊಂಬೆ ಬೇಕೋ ಬೇಡವೋ ಅಂತ ಇನ್ನೂ ಹೇಳಿಲ್ಲ. ಆದರೆ ಟೈಮ್‌ಪಾಸ್ ಅನ್ನೋ ಮಾತು ಮತ್ತೆ ಬಂದಿಲ್ಲ.