ನೋವನ್ನು ಆಲಿಸಿದ ವೈದ್ಯೆ

1950ರ ದಶಕದ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ, ಗುಣವಾಗದ ಕ್ಯಾನ್ಸರಿನಿಂದ ಬಳಲುವವರು ನೋವು ಮರುಕಳಿಸಿದ ಮೇಲೆಯೇ ಮಾರ್ಫಿನ್‌ಗಾಗಿ ಬೇಡಿಕೊಳ್ಳಬೇಕಾಗಿತ್ತು. ಅದು ವ್ಯಸನವಾದೀತೆಂಬ ಭಯ ವೈದ್ಯರನ್ನು ಕಾಡುತ್ತಿತ್ತು.

ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ ದುಡಿದು, 1957ರಲ್ಲಿ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಮರುವರ್ಷ ಲಂಡನ್ನಿನ ಸಂತ ಜೋಸೆಫರ ಆಶ್ರಯಧಾಮಕ್ಕೆ ಬಂದರು. ಧರ್ಮಭಗಿನಿಯರು ಮರಣಾಸನ್ನರನ್ನು ಸಲಹುತ್ತಿದ್ದ ಆ ಮನೆಯಲ್ಲಿ ರೋಗಿಗಳ ಬಳಿ ಕುಳಿತು, ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ನೋವು ತಲೆಯೆತ್ತುವ ಮೊದಲೇ, ನಿಗದಿತ ವೇಳೆಗೆ ಔಷಧ ಕೊಡುವ ಕ್ರಮವನ್ನು ಜಾರಿಗೆ ತಂದರು. ಬೇಡುವ ದೈನ್ಯ ತಪ್ಪಿತು. ರೋಗಿಗಳು ಎಚ್ಚರವಾಗಿದ್ದು ಮನೆಯವರೊಡನೆ ಮಾತನಾಡಬಲ್ಲವರಾದರು.

ಆಲಿಸಿದಂತೆಲ್ಲ ಸಾಂಡರ್ಸರಿಗೆ ಇನ್ನೊಂದು ಸತ್ಯ ಗೋಚರಿಸಿತು. ದೇಹದ ಬೇನೆಯೊಂದಿಗೆ ಮನದ ಅಳಲು, ಸಂಸಾರದ ಚಿಂತೆ, ಆತ್ಮದ ತಳಮಳಗಳೂ ಹೆಣೆದುಕೊಂಡಿರುತ್ತವೆ. ಇದನ್ನೇ ಅವರು 1960ರ ದಶಕದಲ್ಲಿ 'ಸಮಗ್ರ ನೋವು' ಎಂದು ಕರೆದರು. 1967ರಲ್ಲಿ ಅವರು ಸ್ಥಾಪಿಸಿದ ಸಂತ ಕ್ರಿಸ್ಟೋಫರರ ಆಶ್ರಯಧಾಮ ಈ ಅರಿವಿನ ಮೇಲೆಯೇ ನಿಂತಿತು. 2005ರಲ್ಲಿ ತಾವೂ ಕ್ಯಾನ್ಸರ್ ರೋಗಿಯಾಗಿ ಅಲ್ಲಿಯೇ ಕಣ್ಮುಚ್ಚಿದರು.

ವರ್ಷಗಟ್ಟಲೆ ಬೆನ್ನುನೋವು, ಮಂಡಿನೋವು ಸಹಿಸುತ್ತಿರುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಅವರ ಕಾಯಿಲೆ ಬೇರೆ, ಔಷಧ ಬೇರೆ. ಆದರೆ 'ಇಂದು ಹೇಗಿದ್ದೀರಿ?' ಎಂದು ಕೇಳಿ, ಉತ್ತರ ಮುಗಿಯುವವರೆಗೂ ಪಕ್ಕದಲ್ಲಿ ಕುಳಿತಿರುವವರು ಅವರಿಗೂ ಬೇಕು.