ಢಾಕಾದ 340 ತಾಯಂದಿರು

1918ರ ಇನ್‌ಫ್ಲುಯೆಂಜಾ ಎಲ್ಲರನ್ನೂ ಒಂದೇ ಸಮನಾಗಿ ಕೊಲ್ಲಲಿಲ್ಲ. ಮುಂಬಯಿಯಲ್ಲಿ ಯುರೋಪಿಯನ್ನರು ಸಾವಿರಕ್ಕೆ 8 ಮಂದಿ ಸತ್ತರೆ, ಕೆಳಜಾತಿಯವರೆಂದು ಸರಕಾರ ಬರೆದುಕೊಂಡವರು ಸಾವಿರಕ್ಕೆ 61 ಮಂದಿ ಸತ್ತರು. ಬಸುರಿಯರ ಲೆಕ್ಕ ಸಿಗುವುದು ಅಮೆರಿಕದಿಂದ. 1919ರಲ್ಲಿ ಹ್ಯಾರಿಸ್ ಎಂಬ ವೈದ್ಯ ಫ್ಲೂ ಬಂದ 1,350 ಗರ್ಭಿಣಿಯರ ವಿವರ ಕಲೆಹಾಕಿದ. ಅವರಲ್ಲಿ ಶೇ. 27ರಷ್ಟು ಮಂದಿ ತೀರಿಕೊಂಡಿದ್ದರು.

ಆಗ ಫ್ಲೂ ತಡೆಯಬಲ್ಲ ಲಸಿಕೆ ಇರಲಿಲ್ಲ. ಅದು ಬಂದದ್ದು 1940ರ ದಶಕದಲ್ಲಿ. 1957ರ ಏಷ್ಯನ್ ಫ್ಲೂ ಮತ್ತೆ ಬಸುರಿಯರನ್ನೇ ಹೆಚ್ಚಾಗಿ ಹಿಡಿಯಿತು. 1960ರಲ್ಲಿ ಅಮೆರಿಕದ ಸರ್ಜನ್ ಜನರಲ್, ಪ್ರತಿವರ್ಷ ಲಸಿಕೆ ಹಾಕಿಸಿಕೊಳ್ಳಬೇಕಾದವರಲ್ಲಿ ಗರ್ಭಿಣಿಯರನ್ನೂ ಹೆಸರಿಸಿದರು.

ಮರುವರ್ಷ ಥಾಲಿಡೊಮೈಡ್ ದುರಂತ ಬಯಲಾಯಿತು. ಬಸುರಿನ ವಾಕರಿಕೆಗೆಂದು ಕೊಟ್ಟ ಗುಳಿಗೆಯಿಂದ ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದವು. ಜನ ಹೆದರಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಹೆದರಿಕೆಯಲ್ಲಿ ಔಷಧ ಪರೀಕ್ಷೆಗಳಿಂದ ಗರ್ಭಿಣಿಯರನ್ನೇ ದೂರವಿಟ್ಟರು. ಪರೀಕ್ಷೆ ಇಲ್ಲವೆಂದ ಮೇಲೆ ಪುರಾವೆ ಎಲ್ಲಿಂದ ಬರಬೇಕು? ಪುರಾವೆ ಇಲ್ಲದೆ ‘ಹಾಕಿಸಿಕೊಳ್ಳಮ್ಮ’ ಎನ್ನಲು ವೈದ್ಯರಿಗೂ ಬಾಯಿ ಬರಲಿಲ್ಲ. ಸುಮಾರು ನಲವತ್ತು ವರ್ಷ ಹೀಗೇ ಕಳೆಯಿತು.

ಈ ಗಂಟು ಬಿಚ್ಚಿದ್ದು ಢಾಕಾದಲ್ಲಿ, ಅದೂ ಅಡ್ಡದಾರಿಯಲ್ಲಿ. 2004ರಲ್ಲಿ ಅಲ್ಲಿನ ಸಂಶೋಧಕರು 340 ಗರ್ಭಿಣಿಯರ ಮೇಲೆ ನ್ಯುಮೊಕಾಕಸ್ ಲಸಿಕೆಯ ಅಧ್ಯಯನ ಆರಂಭಿಸಿದರು. ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಫ್ಲೂ ಲಸಿಕೆ ಕೊಟ್ಟರು. ಹೋಲಿಕೆಯ ಗುಂಪೇ ಕತೆಯ ನಾಯಕಿಯಾಯಿತು: ಆ ತಾಯಂದಿರ ಎಳೆಗೂಸುಗಳಲ್ಲಿ ಖಚಿತಪಟ್ಟ ಫ್ಲೂ ಶೇ. 63ರಷ್ಟು ಕಡಿಮೆ. ಆರು ತಿಂಗಳೊಳಗಿನ ಕೂಸಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ತಾಯಿಗೆ ಕೊಟ್ಟದ್ದು ಕೂಸನ್ನೂ ಕಾಯ್ದಿತ್ತು. 2008ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೇ ಮೊದಲ ಆದ್ಯತೆ ಎಂದಿತು.

ಪುರಾವೆ ಸಿಕ್ಕಿತೆಂದು ನಂಬಿಕೆ ಹುಟ್ಟುವುದಿಲ್ಲವಲ್ಲ. ಬ್ರಿಟನ್ನಿನಲ್ಲಿ 2010ರಿಂದ ಎಲ್ಲ ಗರ್ಭಿಣಿಯರಿಗೂ ಈ ಲಸಿಕೆ ಉಚಿತ. ಆದರೂ ಕೆರಿಬಿಯನ್ ಮೂಲದ ಕಪ್ಪು ಹೆಂಗಸರು ಬಿಳಿಯರಿಗಿಂತ ತೀರಾ ಕಡಿಮೆ ಹಾಕಿಸಿಕೊಳ್ಳುತ್ತಾರೆ. ಇದನ್ನು ಅವರ ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ತನ್ನ ಮಾತಿಗೆ ಎಂದೂ ಕಿವಿಗೊಡದ ಆಸ್ಪತ್ರೆ ಇದ್ದಕ್ಕಿದ್ದಂತೆ ಸೂಜಿ ಹಿಡಿದು ಕರೆದರೆ ಯಾರಿಗಾದರೂ ಅನುಮಾನ ಬಂದೀತು.

ನಮ್ಮಲ್ಲಿ ಧನುರ್ವಾಯುವಿನ ಚುಚ್ಚುಮದ್ದಿಗೆ ಈ ತೊಡಕಿಲ್ಲ. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಜಾಗವಿದೆ. ಆಶಾ ಕಾರ್ಯಕರ್ತೆ ಮನೆಗೇ ಬಂದು ನೆನಪಿಸುತ್ತಾಳೆ, ಅತ್ತೆಯೂ ತನ್ನ ಕಾಲದಲ್ಲಿ ಹಾಕಿಸಿಕೊಂಡವಳೇ. ಫ್ಲೂ ಲಸಿಕೆ ಮಾತ್ರ ಸರಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿಲ್ಲ. ಕೇಳಿ ತಿಳಿದವರು ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಾರೆ.