ಏನನ್ನೂ ಕಳೆಯದ ಫೈಲು, ಕಳೆದುಹೋಗಿದ್ದ ಹೆಸರು



ಲಂಡನ್ನಿನ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಹೊರಬಂದದ್ದು 1973ರ ಮಾರ್ಚ್‌ನಲ್ಲಿ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕೇಳಿದ್ದು ಫೋನಿನ ಎಂಪಿ3ಯಲ್ಲಿ. ಈ ಸಲ ನಾವು ಲಾಸ್‌ಲೆಸ್ ಫೈಲಿನಲ್ಲಿ, ಮೊದಲಿನಿಂದ ಕೊನೆಯವರೆಗೆ ಕೇಳಿದೆವು.

ಲಾಸ್‌ಲೆಸ್ ಅಂದರೇನು? ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ಸುಮಾರು 43 ನಿಮಿಷದ ಈ ಆಲ್ಬಂ ಹಾಗೆ 450 ಎಂಬಿ ಆಗುತ್ತದೆ. 128 ಕೆಬಿಪಿಎಸ್‌ನ ಎಂಪಿ3 ಅದನ್ನು 40 ಎಂಬಿಗೆ ಇಳಿಸುತ್ತದೆ. ಕಿವಿ ಗಮನಿಸದು ಎಂದು ಅಂದಾಜಿಸಿದ ಸದ್ದುಗಳನ್ನು ತೆಗೆದುಹಾಕುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಏನನ್ನೂ ತೆಗೆಯುವುದಿಲ್ಲ. ಬಟ್ಟೆ ಮಡಚಿಟ್ಟ ಹಾಗೆ, ಬಿಚ್ಚಿದರೆ ಎಲ್ಲವೂ ಇರುತ್ತದೆ. ಆದರೆ 320 ಕೆಬಿಪಿಎಸ್‌ನ ಒಳ್ಳೆಯ ಎಂಪಿ3ಗೂ ಇದಕ್ಕೂ ಇರುವ ವ್ಯತ್ಯಾಸ ಹೆಚ್ಚಿನವರ ಕಿವಿಗೆ ಸಿಗುವುದಿಲ್ಲ. ಸಾಧಾರಣ ಬ್ಲೂಟೂತ್ ಮತ್ತೆ ಧ್ವನಿಯನ್ನು ಕುಗ್ಗಿಸುತ್ತದೆ. ತಂತಿಯ ಹೆಡ್‌ಫೋನ್ ಉತ್ತಮ.

ಇಷ್ಟು ಗಮನವಿಟ್ಟು ಕೇಳಿದಾಗ ಸಣ್ಣ ಸದ್ದುಗಳ ಹಿಂದಿನ ಜನ ನೆನಪಾಗುತ್ತಾರೆ. ಆರಂಭದಲ್ಲೂ ಕೊನೆಯಲ್ಲೂ ಬರುವ ಎದೆಬಡಿತ ನಿಜವಾಗಿ ಡ್ರಮ್ಮಿನದು. ಕೊನೆಯಲ್ಲಿ ಮೆಲ್ಲನೆ ಮಾತಾಡುವವರು ಅಬ್ಬೆ ರೋಡ್ ಸ್ಟುಡಿಯೋದ ಬಾಗಿಲು ಕಾಯುತ್ತಿದ್ದ ಜೆರ್ರಿ ಓ’ಡ್ರಿಸ್ಕಾಲ್. ಧ್ವನಿಮುದ್ರಣದ ಎಂಜಿನಿಯರ್ ಅಲನ್ ಪಾರ್ಸನ್ಸ್‌ಗೆ ಆಗ 24 ವರ್ಷ, ನಮ್ಮದೇ ಪ್ರಾಯ.

‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಯಲ್ಲಿ ಮಾತೇ ಇಲ್ಲದೆ ಹಾಡಿದವರು 25ರ ಕ್ಲೇರ್ ಟೊರ್ರಿ. ಅವರಿಗೆ ಯಾರೂ ರಾಗ ಬರೆದುಕೊಟ್ಟಿರಲಿಲ್ಲ. ಪಿಯಾನೋ ಕೇಳುತ್ತಾ ಅಲ್ಲೇ ಹುಟ್ಟಿಸಿಕೊಂಡು ಹಾಡಿದರು. ಸಿಕ್ಕ ಸಂಭಾವನೆ 30 ಪೌಂಡ್. ಹಾಡಿದವರೆಂದು ಹೆಸರು ಹಾಕಿದರೂ ರಚಿಸಿದವರು ರಿಚರ್ಡ್ ರೈಟ್ ಒಬ್ಬರೇ ಎಂದು ಅಚ್ಚಾಯಿತು. 2004ರಲ್ಲಿ ಟೊರ್ರಿ ದಾವೆ ಹೂಡಿದರು. ಮರುವರ್ಷ ರಾಜಿಯಾಗಿ, ರೈಟ್ ಜೊತೆ ಅವರ ಹೆಸರೂ ಸೇರಿತು. ಅಷ್ಟರಲ್ಲಿ 32 ವರ್ಷ ಕಳೆದಿತ್ತು.

ಅಷ್ಟೂ ವರ್ಷ ಆ ಧ್ವನಿಯನ್ನು ಲೋಕವೆಲ್ಲ ಕೇಳಿತ್ತು. ಫೈಲು ಎಷ್ಟೇ ಶುದ್ಧವಾಗಿದ್ದರೂ ಯಾರ ಪಾಲು ಎಷ್ಟೆಂದು ಅದು ಹೇಳುವುದಿಲ್ಲ. ಅದನ್ನು ಮನುಷ್ಯರೇ ಬರೆಯಬೇಕು. ಇನ್ನು ಮುಂದೆ ನಾವು ಹಾಡು ರೆಕಾರ್ಡ್ ಮಾಡಿ ಹಾಕುವಾಗ ರಾಗ ಕೂಡಿಸಿದವರು, ಮೈಕ್ ನೋಡಿಕೊಂಡವರು, ಎಲ್ಲರ ಹೆಸರನ್ನೂ ಆ ದಿನವೇ ಬರೆಯೋಣ.